ಸ್ಪ್ಯಾನರ್ ಹಿಡಿಯುವ ಮುನ್ನ: ಅಡುಗೆಮನೆ ರಿಪೇರಿಯಲ್ಲಿ ಜೀವ ಜೋಪಾನ

ನಲ್ಲಿ ತೊಟ್ಟಿಕ್ಕುತ್ತಿದೆ, ಸಿಂಕ್ ಕಟ್ಟಿಕೊಂಡಿದೆ, ಮಿಕ್ಸಿ ತಿರುಗುತ್ತಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಕರೆದರೆ ಪ್ಲಂಬರೂ ಎಲೆಕ್ಟ್ರಿಷಿಯನ್ನೂ ಬೇಗ ಸಿಗುವುದಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿದು ನಾವೇ ಕೂರುತ್ತೇವೆ. ಅದರಲ್ಲಿ ತಪ್ಪಿಲ್ಲ, ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿತಿರಬೇಕಾದ ಕೆಲಸವೇ ಅದು. ಆದರೆ ಗ್ಯಾಸು, ಕರೆಂಟು, ನೀರು ಮೂರೂ ಒಂದು ಮಾರಿನ ಒಳಗೆ ಸಿಗುವ ಜಾಗ ಮನೆಯಲ್ಲಿ ಇದೊಂದೇ. ಸಿಂಕ್ ಕೆಳಗೆ ಬಗ್ಗಿದವರ ಪಕ್ಕದಲ್ಲೇ ಸಿಲಿಂಡರ್ ಇರುತ್ತದೆ, ತಲೆಯ ಮೇಲೆ ವಾಟರ್ ಫಿಲ್ಟರಿನ ಪ್ಲಗ್ ಇರುತ್ತದೆ. ಆದ್ದರಿಂದ ಕೆಲಸ ಯಾವುದಾದರೂ ಕ್ರಮ ಒಂದೇ. ಮೊದಲು ಗ್ಯಾಸೋ ಕರೆಂಟೋ ನೀರೋ ಬರುವ ದಾರಿ ಮುಚ್ಚಿ, ನಿಜಕ್ಕೂ ಮುಚ್ಚಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಕೈಯಿಡಿ. ಹೆಚ್ಚಿನವರು ಬಿಟ್ಟುಬಿಡುವುದು ಈ ನಡುವಿನ ಹೆಜ್ಜೆಯನ್ನೇ.

ಮೇನ್ ಆಫ್ ಮಾಡಿದರೆ ಸಾಲದು

ನಮ್ಮ ಊರುಗಳಲ್ಲಿ ಯುಪಿಎಸ್ ಇರುವ ಮನೆಗಳು ಈಗ ಸಾಕಷ್ಟಿವೆ. ಮೇನ್ ಸ್ವಿಚ್ ಇಳಿಸಿದ ಕೂಡಲೇ ಯುಪಿಎಸ್ ಕರೆಂಟ್ ಹೋಯಿತೆಂದು ತಿಳಿದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅಡುಗೆಮನೆಯ ಒಂದೇ ಬೋರ್ಡಿನಲ್ಲಿ ಮಿಕ್ಸಿಯ ಪಾಯಿಂಟ್ ಮೇನ್ ಲೈನಿನದು, ಲೈಟಿನ ಸ್ವಿಚ್ ಯುಪಿಎಸ್ ಲೈನಿನದು ಆಗಿರುವುದು ತೀರಾ ಸಾಮಾನ್ಯ. ಮಿಕ್ಸಿ ನಿಂತಿತೆಂದು ಬೋರ್ಡ್ ಬಿಚ್ಚಿದರೆ ಒಳಗಿನ ಅರ್ಧ ವೈರುಗಳಲ್ಲಿ ಕರೆಂಟ್ ಹಾಗೇ ಇರುತ್ತದೆ. ಬರೀ ಯುಪಿಎಸ್ಸಿನ ಬಟನ್ ಒತ್ತಿದರೂ ಆಗದು. ಮೇನ್ ಇರುವಾಗ ಅದು ಹೊರಗಿನ ಕರೆಂಟನ್ನೇ ಮುಂದಕ್ಕೆ ದಾಟಿಸುತ್ತದೆ. ಎರಡನ್ನೂ ಆರಿಸಲೇಬೇಕು.

ಸ್ವಿಚ್ ಅಥವಾ ಸಾಕೆಟ್ ಬದಲಾಯಿಸುವ ಕ್ರಮ ಹೀಗಿರಲಿ:

1. ಬೇರೆ ಲೈವ್ ಪಾಯಿಂಟಿನಲ್ಲಿ ಟೆಸ್ಟರ್ ಇಟ್ಟು ಅದು ಉರಿಯುವುದನ್ನು ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ಕರೆಂಟೇ ಇಲ್ಲವೆಂದು ಸುಳ್ಳು ಹೇಳುತ್ತದೆ.
2. ಮೇನ್ ಇಳಿಸಿ, ಯುಪಿಎಸ್ ಆರಿಸಿ. ಎಂಸಿಬಿ ಪೆಟ್ಟಿಗೆಗೆ ಟೇಪ್ ಅಂಟಿಸಿ, ಮನೆಯವರಿಗೆಲ್ಲ ಕೇಳುವಂತೆ ಹೇಳಿ.
3. ಬೋರ್ಡಿನ ಸ್ಕ್ರೂ ಸಡಿಲಿಸಿ, ವೈರ್ ಮುಟ್ಟದೆ ಮುಂದಕ್ಕೆ ಎಳೆದು ಪ್ರತಿ ತುದಿಗೂ ಟೆಸ್ಟರ್ ಇಡಿ.
4. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿತ್ತೆಂಬ ಗೊಂದಲ ಇರುವುದಿಲ್ಲ.
5. ಒಣ ಕೈ, ಒಣ ನೆಲ, ಕಾಲಿಗೆ ರಬ್ಬರ್ ಚಪ್ಪಲಿ.

ಟೇಪ್ ಅಂಟಿಸುವುದು ಅತಿ ಜಾಗ್ರತೆ ಎನಿಸಬಹುದು. ಆದರೆ ಮಧ್ಯಾಹ್ನ ಟಿವಿ ನಿಂತಾಗ ಅತ್ತೆಯೋ ಮಗನೋ ಎದ್ದು ಬಂದು, ‘ಟ್ರಿಪ್ ಆಗಿದೆ’ ಎಂದುಕೊಂಡು ಎಂಸಿಬಿಯನ್ನು ಮೇಲಕ್ಕೆತ್ತುವುದು ಎಷ್ಟು ಸಹಜ! ಒಳಗೆ ನಿಮ್ಮ ಕೈಯಲ್ಲಿ ವೈರ್ ಇರುವುದು ಅವರಿಗೆ ಹೇಗೆ ಗೊತ್ತಾಗಬೇಕು?

‘ಎಂಸಿಬಿ ಇದೆಯಲ್ಲ, ತಾನೇ ಬೀಳುತ್ತದೆ’ ಎಂಬ ಧೈರ್ಯವೂ ಬೇಡ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಹರಿದಾಗ ಮಾತ್ರ ಬೀಳುತ್ತದೆ, ಜೀವ ತೆಗೆಯಲು ಅದರ ನೂರನೇ ಒಂದು ಪಾಲೂ ಬೇಡ. ಮನುಷ್ಯನಿಗೆಂದು ಇರುವುದು, ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿ. ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರಿನದು. ಅದರ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಟಪ್ಪೆಂದು ಬೀಳಬೇಕು, ಬೀಳದಿದ್ದರೆ ಬದಲಾಯಿಸಿ. ಅದಿದ್ದರೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಪಾಡದೇ ಹೋಗಬಹುದು. ಯುಪಿಎಸ್ ಲೈನ್ ಅದರ ಕಾವಲಿನ ಹೊರಗೇ ಇರುವ ಮನೆಗಳೂ ಉಂಟು.

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದಾಗ ಅಂಥದ್ದೇ ಇನ್ನೊಂದನ್ನು ಹಾಕಿಕೊಳ್ಳಲು ವಿದ್ಯುತ್ ಸುರಕ್ಷತಾ ನಿಯಮಗಳು ಅಡ್ಡಿ ಮಾಡುವುದಿಲ್ಲ. ಹೊಸ ಪಾಯಿಂಟ್ ಎಳೆಯುವುದು ಲೈಸೆನ್ಸ್ ಇದ್ದವರ ಕೆಲಸ. 6 ಆಂಪಿಯರಿನ ಸಾಕೆಟ್ ತೆಗೆದು 16 ಆಂಪಿಯರಿನದು ಹಾಕಿ ಓವನ್ ಜೋಡಿಸುವುದನ್ನಂತೂ ಮಾಡಲೇಬೇಡಿ. ಸಾಕೆಟ್ ದೊಡ್ಡದಾದರೂ ಗೋಡೆಯೊಳಗಿನ ವೈರ್ ತೆಳ್ಳಗಿನದೇ. ಅದು ನಿಮ್ಮ ಕಣ್ಣಿಗೆ ಬೀಳದಂತೆ ಒಳಗೊಳಗೇ ಕಾಯುತ್ತದೆ.

ಮಿಕ್ಸಿ ನಿಂತರೆ ಪ್ಲಗ್ ಕಿತ್ತು, ಬುಡದಲ್ಲಿರುವ ಓವರ್‌ಲೋಡ್ ಗುಂಡಿಯನ್ನು ಒತ್ತಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕಪ್ಲರ್ ಸವೆದಿದ್ದರೆ ನೀವೇ ಬದಲಾಯಿಸಬಹುದು. ಹಲವು ಮಿಕ್ಸಿಗಳಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ, ಬರಲಿಲ್ಲವೆಂದು ಸುತ್ತಿಗೆ ಎತ್ತಬೇಡಿ. ಆದರೆ ಮೈಕ್ರೋವೇವ್ ಓವನ್ನಿನ ಕವಚವನ್ನು ಎಂದಿಗೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟಿನಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು.

ಗ್ಯಾಸಿನ ಹತ್ತಿರ ಎಷ್ಟು ಕೆಲಸ ನಮ್ಮದು?

ನನ್ನ ಅಭಿಪ್ರಾಯದಲ್ಲಿ ಮೂರೇ: ಬರ್ನರ್ ತೊಳೆಯುವುದು, ಟ್ಯೂಬ್ ಬದಲಾಯಿಸುವುದು, ಸೋರಿಕೆ ಪತ್ತೆ ಮಾಡುವುದು. ರೆಗ್ಯುಲೇಟರಿನ ಒಳಭಾಗ ಬಿಚ್ಚುವುದು, ಬಿಗಿಯಾದ ನಾಬ್ ಕಳಚಿ ಗ್ರೀಸ್ ಹಚ್ಚುವುದು, ಸಿಲಿಂಡರಿನ ವಾಲ್ವ್‌ಗೆ ಕಡ್ಡಿ ಹಾಕಿ ಕೆದಕುವುದು ಏಜೆನ್ಸಿಯ ಮೆಕ್ಯಾನಿಕ್‌ಗೆ ಬಿಟ್ಟದ್ದು.

ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರುವುದಿಲ್ಲ, ನೀರಿನಂತೆ ನೆಲ ಹಿಡಿದು ಹರಿದು ಕಟ್ಟೆಯ ಕೆಳಗೆ, ಕಪಾಟಿನ ಮೂಲೆಯಲ್ಲಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೆ ಒಂದು ಕಿಡಿ ಸಾಕು. ಹಾಗಾಗಿ ಕಿಟಕಿಯಷ್ಟೇ ಅಲ್ಲ, ಬಾಗಿಲನ್ನೂ ತೆರೆಯಬೇಕು, ನೆಲಮಟ್ಟದ ಗಾಳಿ ಹೊರಹೋಗುವುದು ಬಾಗಿಲಿನಿಂದಲೇ. ಬೆಂಗಳೂರಿನಂಥ ಕಡೆ ಕೊಳವೆಯಲ್ಲಿ ಗ್ಯಾಸ್ ಬರುವ ಮನೆಗಳಲ್ಲಿ ಲೆಕ್ಕವೇ ಬೇರೆ. ಆ ಗ್ಯಾಸ್ ಹಗುರ, ಮೇಲೇರಿ ಸೂರಿನಡಿ ನಿಲ್ಲುತ್ತದೆ. ಅಲ್ಲಿ ಮೇಲಿನ ವೆಂಟಿಲೇಟರ್ ತೆರೆದಿರಬೇಕು, ಕೆಲಸಕ್ಕೆ ಮುನ್ನ ಮೀಟರಿನ ಬಳಿಯ ವಾಲ್ವ್ ಮುಚ್ಚಬೇಕು.

ಟ್ಯೂಬ್ ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ‘ಸುರಕ್ಷಾ’ ಟ್ಯೂಬೇ ಆಗಿರಲಿ, ಉದ್ದ ಒಂದೂವರೆ ಮೀಟರ್ ಮೀರದಿರಲಿ. ಐದು ವರ್ಷಕ್ಕೊಮ್ಮೆ ಬದಲಾಯಿಸಿ, ಬಿರುಕು ಕಂಡರೆ ಅಂದೇ. ಬದಲಾಯಿಸುವಾಗ ದೇವರ ಮನೆಯ ದೀಪವನ್ನೂ ಶಾಂತ ಮಾಡಿ. ರೆಗ್ಯುಲೇಟರ್ ಆಫ್ ಮಾಡಿ, ಸಿಲಿಂಡರಿನಿಂದ ತೆಗೆದು, ವಾಲ್ವ್‌ಗೆ ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಹಳೆಯ ಟ್ಯೂಬನ್ನು ಎರಡೂ ಕಡೆಯಿಂದ ಎಳೆದು ತೆಗೆಯಿರಿ. ಹೊಸದರ ತುದಿ ಬಿಗಿ ಎನಿಸಿದರೆ ಬಿಸಿನೀರಿನಲ್ಲಿ ಅದ್ದಿ ಒರೆಸಿ, ನಾಜಲ್‌ನ ಬುಡ ಮುಟ್ಟುವವರೆಗೆ ಒತ್ತಿ. ಎಣ್ಣೆ ಹಚ್ಚುವುದು, ಲೈಟರಿನಲ್ಲಿ ಕಾಯಿಸುವುದು ಬೇಡವೇ ಬೇಡ. ಕೊನೆಗೆ ರೆಗ್ಯುಲೇಟರ್ ಕೂರಿಸಿ, ಆನ್ ಮಾಡಿ, ಸ್ಟೌ ಹಚ್ಚದೆ, ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ. ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಎದ್ದು ದೊಡ್ಡದಾಗುತ್ತಾ ಹೋಗುತ್ತದೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಡೆಯಿರಿ.

ಮನೆಯೊಳಗೆ ಗಾಢ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದಕ್ಕೂ ಇಲ್ಲ, ಆರಿಸುವುದಕ್ಕೂ ಇಲ್ಲ, ಎರಡರಲ್ಲೂ ಕಿಡಿ ಹಾರುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ ವಾಸನೆ ಹೊರಹಾಕೋಣ ಎನ್ನುವುದು ಎಲ್ಲಕ್ಕಿಂತ ಅಪಾಯದ ಯೋಚನೆ. ಫ್ರಿಜ್ಜು ತಾನಾಗೇ ಆನ್ ಆಫ್ ಆಗುವಾಗಲೂ ಕಿಡಿ ಇರುತ್ತದೆ. ಹಾಗಾಗಿ ಮೇನ್ ಸ್ವಿಚ್ ಮನೆಯ ಹೊರಗಿದ್ದರೆ ಅಲ್ಲಿಂದ ಇಳಿಸಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ನಿಂತ ಮೇಲೆ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು.

ಸಿಂಕು, ಕುಕ್ಕರು, ಗೋಡೆ

ಸಿಂಕ್ ಕಟ್ಟಿದಾಗ ಮೊದಲು ಪಂಪ್, ಅದಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಅನ್ನದಗುಳು, ಜಿಡ್ಡು, ಕಾಫಿ ಚರಟ ಅಲ್ಲೇ ಕೂತಿರುತ್ತವೆ. ಡ್ರೈನ್ ಕ್ಲೀನರ್ ಪುಡಿ ಸುರಿಯುವುದು ಕೊನೆಯ ಮಾತು. ಅದರಲ್ಲಿರುವುದು ಕಾಸ್ಟಿಕ್ ಸೋಡಾ, ನೀರು ಸೇರಿದ ಕೂಡಲೇ ಕುದಿಯುವಷ್ಟು ಕಾಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಪ್ಯಾಕೆಟ್ ಹರಿಯಬೇಡಿ. ಪುಡಿ ಹಾಕಿದ ಮೇಲೆ ಟ್ರ್ಯಾಪ್ ಬಿಚ್ಚಲೂಬೇಡಿ, ಆ ನೀರು ಮುಖಕ್ಕೇ ಬರುತ್ತದೆ. ಒಂದು ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಸುರಿಯುವ ಅಭ್ಯಾಸವಂತೂ ಪ್ರಾಣಾಂತಿಕ. ಬ್ಲೀಚಿಗೆ ಆಸಿಡ್ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಪುಟ್ಟ ಅಡುಗೆಮನೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ.

ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಸೇಫ್ಟಿ ವಾಲ್ವನ್ನೂ ಅದೇ ಕಂಪನಿಯದ್ದನ್ನೇ, ಅದೇ ಅಳತೆಯದ್ದನ್ನೇ ಹಾಕಿ. ವಾಲ್ವಿನ ನಡುವೆ ಇರುವುದು ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹ. ವಿಷಲ್ ರಂಧ್ರ ಕಟ್ಟಿದಾಗ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ‘ಪದೇ ಪದೇ ಹೋಗುತ್ತದೆ’ ಎಂದು ಆ ಜಾಗಕ್ಕೆ ಬೋಲ್ಟ್ ಬಿಗಿದರೆ, ಹಬೆಗೆ ಉಳಿಯುವ ದಾರಿ ಮುಚ್ಚಳವೊಂದೇ.

ಗೋಡೆಗೆ ಡ್ರಿಲ್ ಹಾಕುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ, ನಲ್ಲಿಯ ನೇರ ಮೇಲೆ ಮತ್ತು ಕೆಳಗೆ ಬಿಟ್ಟುಬಿಡಿ. ಒಳಗಿನ ಪೈಪುಗಳು ಸಾಮಾನ್ಯವಾಗಿ ಹೋಗುವುದು ಅದೇ ಗೆರೆಯಲ್ಲಿ. ಎತ್ತರಕ್ಕೆ ಏಣಿ ಬಳಸಿ, ಪ್ಲಾಸ್ಟಿಕ್ ಕುರ್ಚಿ ಬೇಡ.

ಅಕಸ್ಮಾತ್ ಆದರೆ

ಶಾಕ್ ಹೊಡೆದು ಅಂಟಿಕೊಂಡವರನ್ನು ಮುಟ್ಟಿ ಎಳೆಯಬೇಡಿ. ಮೇನ್ ಮತ್ತು ಯುಪಿಎಸ್ ಇಳಿಸಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ಸರಿಸಿ, 108ಕ್ಕೆ ಕರೆ ಮಾಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಹೃದಯದ ಬಡಿತ ತಪ್ಪಿರುವುದು ಹೊರಗೆ ಕಾಣುವುದಿಲ್ಲ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಐಸು, ಟೂತ್‌ಪೇಸ್ಟು, ಇಂಕು, ಅರಿಶಿನ ಯಾವುದೂ ಬೇಡ. ಕೈ ಸುಟ್ಟಿದ್ದರೆ ನೀರಿಗೆ ಹಿಡಿದಿರುವಾಗಲೇ ಬಳೆ, ಉಂಗುರ ತೆಗೆದುಬಿಡಿ, ಊದಿಕೊಂಡ ಮೇಲೆ ಅವು ಬರುವುದಿಲ್ಲ.