ಗಣಕಯಂತ್ರದ ಅಕ್ಷರಗಣನೆ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯಲ್ಲಿ ಕೆಂಗೇರಿ ಎಂಬ ಊರಿದೆ. 2021ರ ಆಗಸ್ಟ್ ತಿಂಗಳಲ್ಲಿ ಅಲ್ಲಿಗೆ ಮೆಟ್ರೊ ರೈಲು ಬಂದಿತು. ನಿಲ್ದಾಣದ ಫಲಕದ ಮೇಲಿರುವ ಆ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕೇಳಿದರೆ, ಕನ್ನಡ ಕಲಿತ ಮಗುವೂ ‘ಕೆಂ, ಗೇ, ರಿ – ಮೂರು’ ಎನ್ನುತ್ತದೆ. ಅದೇ ಪ್ರಶ್ನೆಯನ್ನು ಪೈಥಾನ್ ಎಂಬ ಗಣಕಭಾಷೆಯಲ್ಲಿ ಕೇಳಿದರೆ ‘ಏಳು’ ಎಂಬ ಉತ್ತರ ಬರುತ್ತದೆ. ಇವೆರಡರಲ್ಲಿ ಯಾವುದು ಸರಿ?

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಮಾತ್ರ ಇಟ್ಟುಕೊಳ್ಳಬಲ್ಲದು. ಆದುದರಿಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯು ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ‘ಕ’ಕಾರದ ಸಂಖ್ಯೆ 3221, ‘ಗ’ಕಾರದ್ದು 3223. ಹೂಗಳನ್ನು ದಾರದಲ್ಲಿ ಪೋಣಿಸಿದಂತೆ ಇಂತಹ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ಆಗುವ ಮಾಲೆಗೆ ‘ಸ್ಟ್ರಿಂಗ್’ ಎಂದು ಹೆಸರು. ವ್ಯಂಜನಕ್ಕೆ ಸ್ವರ ಸೇರಿ ಗುಣಿತಾಕ್ಷರವಾಗುವುದನ್ನು ವ್ಯಾಕರಣದಲ್ಲಿ ಓದಿದ್ದೀರಿ. ಯಂತ್ರವು ಅದನ್ನು ಬಿಡಿಸಿಯೇ ಇಡುತ್ತದೆ. ‘ಕೆಂ’ ಎಂಬಲ್ಲಿ ಕಕಾರ, ಎತ್ವ, ಅನುಸ್ವಾರ ಎಂದು ಮೂರು ಚಿಹ್ನೆಗಳು, ‘ಗೇ’, ‘ರಿ’ಗಳಲ್ಲಿ ಎರಡೆರಡು, ಒಟ್ಟು ಏಳು. ಮಗು ಅಕ್ಷರಗಳನ್ನು ಎಣಿಸಿತು, ಯಂತ್ರ ಚಿಹ್ನೆಗಳನ್ನು ಎಣಿಸಿತು. ಎರಡು ಉತ್ತರಗಳೂ ಸರಿಯೇ.

ಈ ಭೇದವನ್ನು ಅರಿಯದೆ ಕ್ರಮವಿಧಿ ಬರೆದರೆ ಹೆಸರುಗಳು ಕೆಡುತ್ತವೆ. ‘ಬಸವೇಶ್ವರನಗರ’ ಎಂಬ ಮಾಲೆಯನ್ನು ಆರು ಚಿಹ್ನೆಗಳಿಗೆ ಕತ್ತರಿಸಿದರೆ ‘ಬಸವೇಶ್’ ಎಂದಷ್ಟೇ ಉಳಿಯುತ್ತದೆ. ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದಿರುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ‘ಗೇ’ ಎಂಬಲ್ಲಿನ ಏತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಸಂಖ್ಯೆಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ. ಪಟ್ಟಿಯಲ್ಲಿ ಹೆಸರಿದ್ದರೂ ಹುಡುಕಿದವನಿಗೆ ‘ಇಲ್ಲ’ ಎಂಬ ಉತ್ತರ ಬಂದೀತು. ಅದು ಪಡಿತರದ ಪಟ್ಟಿಯಾಗಿದ್ದರೆ ಒಂದು ಸಂಸಾರಕ್ಕೇ ಕಷ್ಟ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು, ಕತ್ತರಿಸುವಾಗ ಪೂರ್ಣಾಕ್ಷರದ ಎಲ್ಲೆಯಲ್ಲಿ ಕತ್ತರಿಸುವುದು – ಇವೇ ಇದಕ್ಕೆ ಪರಿಹಾರ.

ಗುಣಿತಾಕ್ಷರ, ಸಂಯುಕ್ತಾಕ್ಷರಗಳ ಪಾಠವು ಪರೀಕ್ಷೆಗಾಗಿ ಮಾತ್ರವೆಂದು ಕೆಲವರು ತಿಳಿಯುತ್ತಾರೆ. ಆದರೆ ಕನ್ನಡದ ಹೆಸರೊಂದು ಯಂತ್ರದೊಳಗೆ ಕೆಡದೆ ಉಳಿಯಬೇಕಾದರೆ, ಕ್ರಮವಿಧಿ ಬರೆಯುವವನಿಗೆ ಆ ಪಾಠ ನೆನಪಿರಬೇಕು.

ಅಭ್ಯಾಸ
1. ‘ರಾಜಾಜಿನಗರ’ ಎಂಬಲ್ಲಿ ಅಕ್ಷರಗಳೆಷ್ಟು? ಯಂತ್ರವು ಎಣಿಸುವ ಚಿಹ್ನೆಗಳೆಷ್ಟು?
2. ನಿಮ್ಮ ಹೆಸರನ್ನು ಬಿಡಿ ಚಿಹ್ನೆಗಳಾಗಿ ಬಿಡಿಸಿ ಬರೆಯಿರಿ.