ಕೆರೆಯಂಚಿನ ಜೌಗು ಹಾಳು ನೆಲವಲ್ಲ



ಉತ್ತರಕ್ಕೆ ವಾರಣಾ, ದಕ್ಷಿಣಕ್ಕೆ ಪಂಚಗಂಗಾ. ಈ ಎರಡು ನದಿಗಳ ನಡುವೆ ಕಬ್ಬು ಬೆಳೆಯುವ ನಮ್ಮ ಹಾತಕಣಂಗಲೆ ತಾಲೂಕಿನಲ್ಲಿ ಗುಂಟೆ ನೆಲಕ್ಕೂ ಬೆಲೆಯುಂಟು. ಆದ್ದರಿಂದ ಕೆರೆಯಂಚಿನ ಕೆಸರು, ಜೊಂಡು ಕಂಡಾಗ, ಮಣ್ಣು ತುಂಬಿ ಕಬ್ಬು ಹಚ್ಚೋಣವೆಂಬ ಆಸೆ ಹುಟ್ಟುವುದು ಸಹಜ. ಅದಕ್ಕೆ ಮೊದಲು ಗದಗ ಜಿಲ್ಲೆಯ ಒಂದು ಚಿಕ್ಕ ಕೆರೆಯ ಸಂಗತಿಯನ್ನು ತಿಳಿಯೋಣ.

ಮಾಗಡಿ ಕೆರೆ

ಶಿರಹಟ್ಟಿ ತಾಲೂಕಿನ ಮಾಗಡಿಯದು ಮಳೆ ಕಡಿಮೆಯಿರುವ ಸೀಮೆ. ಅಲ್ಲಿಯ ಕೆರೆಯನ್ನು ಬೇಸಾಯಕ್ಕೆ ಮಳೆನೀರು ಹಿಡಿಯಲೆಂದು ಕಟ್ಟಿದರು. ವಿಸ್ತಾರ ಸುಮಾರು 50 ಹೆಕ್ಟೇರು, ಅಂದರೆ 125 ಎಕರೆಯಷ್ಟು. ಇಷ್ಟರಲ್ಲೇ 166 ಜಾತಿಯ ಪಕ್ಷಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಸೇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು, ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಬಣ್ಣದ ಕೊಕ್ಕರೆ, ಹಾವಕ್ಕಿಗಳೂ ಉಂಟು. 2024ರಲ್ಲಿ ಈ ಕೆರೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು.

ಹೆಬ್ಬಾತುಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಹೊಲಗಳಿಗೆ ಇಳಿದು ಶೇಂಗಾ, ಕಡಲೆ ಮೇಯುತ್ತವೆ. ಇದರಿಂದ ರೈತನಿಗೆ ನಷ್ಟವೇ ಇಲ್ಲವೆಂದು ನಾವು ಹೇಳಲಾರೆವು. ಆದರೂ ಊರಿನವರು ಅವುಗಳನ್ನು ಅತಿಥಿಗಳೆಂದು ಸಹಿಸಿಕೊಂಡು ಬಂದಿದ್ದಾರೆ.

ಜೌಗು ಮಾಡುವ ಕೆಲಸ

ತೆಳುನೀರಿಗೆ ಬಿಸಿಲು ತಳದವರೆಗೆ ತಾಗುತ್ತದೆ. ಅಲ್ಲಿ ಪಾಚಿ, ಹುಳು, ಶಂಖದ ಹುಳು, ಮೀನುಮರಿ ಬೆಳೆಯುತ್ತವೆ. ಅವುಗಳಿಂದ ಹಕ್ಕಿಗಳಿಗೆ ಆಹಾರ. ಜೊಂಡು ಹರಿದು ಬರುವ ನೀರನ್ನು ತಡೆದು ನಿಧಾನಗೊಳಿಸುತ್ತದೆ. ಹೂಳು ಅಂಚಿನಲ್ಲೇ ಕೂರುತ್ತದೆ. ಹೊಲದಿಂದ ತೊಳೆದು ಬಂದ ಗೊಬ್ಬರದ ಒಂದು ಪಾಲನ್ನು ಅದರ ಬೇರು ಹೀರುತ್ತದೆ. ಜೊಂಡು ಕಿತ್ತರೆ ಆ ಯೂರಿಯಾ ನೇರವಾಗಿ ಕೆರೆ ಸೇರಿ, ಪಾಚಿಯೂ ಜಲಪರ್ಣಿಯೂ ಹಬ್ಬುತ್ತವೆ. ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ; ಸೊಳ್ಳೆಮರಿ ತಿನ್ನುವ ಮೀನೇ ಇಲ್ಲವಾದರೆ ಸೊಳ್ಳೆ ಹೆಚ್ಚುತ್ತದೆ. ಹೀಗೆ ಹೊಲದ ತಪ್ಪು ಮನೆಯ ಜ್ವರವಾಗುತ್ತದೆ.

ಆದರೆ ಜೊಂಡು ಎಲ್ಲ ಕೊಳೆಯನ್ನೂ ತೊಳೆಯಲಾರದು. 2012ರಲ್ಲಿ ನಮ್ಮ ಇಚಲಕರಂಜಿಯಲ್ಲಿ ಮಲಿನ ನೀರಿನಿಂದ ಕಾಮಾಲೆ ಹರಡಿ ಜೀವಗಳು ಹೋದದ್ದನ್ನು ಮರೆಯಬಾರದು.

ನಾವು ಮಾಡಬೇಕಾದದ್ದು

1. ಕೆರೆಯಂಚಿನ ಜೊಂಡನ್ನು ಸುಡಬೇಡಿ. ಅಲ್ಲಿ ಮಣ್ಣು ತುಂಬಬೇಡಿ.
2. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಹಾಕಿ. ದೊಡ್ಡ ಮಳೆಯ ಮುಂಚೆ ಬೇಡ.
3. ಔಷಧಿ ಹೊಡೆಯುವ ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ. ಖಾಲಿ ಬಾಟಲಿ ಎಸೆಯಬೇಡಿ.
4. ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯಿರಿ.

ದೇವರು ಆದಿಮಾನವನಿಗೆ ತೋಟವನ್ನು ಒಪ್ಪಿಸಿದಾಗ ಉಳುವ ಕೆಲಸವನ್ನಷ್ಟೇ ಅಲ್ಲ, ಕಾಯುವ ಕೆಲಸವನ್ನೂ ಕೊಟ್ಟರೆಂದು ಆದಿಕಾಂಡ ತಿಳಿಸುತ್ತದೆ. ಉಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕಾಯುವುದರಲ್ಲಿ ಹೇಗಿದ್ದೇವೆ? ಈ ವಾರ ಸಂಜೆಯ ಜಪಸರದ ನಂತರ ಮನೆಯವರೆಲ್ಲ ಕೂಡಿ ಇದನ್ನು ವಿಚಾರ ಮಾಡಿರಿ.