ವಾಲುವ ಮುಚ್ಚಕ್ರ ವಾಹನ

ತಿರುವಿನಲ್ಲಿ ಸೈಕಲ್ ಸವಾರನು ಒಳಬದಿಗೆ ವಾಲುವುದನ್ನು ನೀವು ನೋಡಿರಬಹುದು. ಹಾಗೆ ವಾಲದಿದ್ದರೆ ಅವನು ಹೊರಬದಿಗೆ ಉರುಳುವನು. ಆಟೋರಿಕ್ಷಾ ನಿಂತಾಗ ಬೀಳದು. ಆದರೆ ಅದು ವಾಲಲಾರದು. ಆದುದರಿಂದ ವೇಗವಾಗಿ ತಿರುಗಿದರೆ ಮಗುಚುವ ಅಪಾಯವುಂಟು. ಮೋಟಾರ್ ಸೈಕಲ್ ವಾಲಬಲ್ಲದು; ಆದರೆ ಮಳೆಯಲ್ಲಿ ಅದರ ಮುಂದಿನ ಒಂದೇ ಚಕ್ರ ಜಾರಿದರೆ ಸವಾರನು ನೆಲಕ್ಕೆ ಬೀಳುವನು.

ಮೂರು ಚಕ್ರಗಳ ಹಿಡಿತವೂ ವಾಲುವ ಗುಣವೂ ಒಂದೇ ವಾಹನದಲ್ಲಿ ಕೂಡಲಾರವೇ? ಜಪಾನಿನ ಯಮಹಾ ಸಂಸ್ಥೆಯು 2017ರಲ್ಲಿ ಟೋಕಿಯೋ ನಗರದ ಪ್ರದರ್ಶನದಲ್ಲಿಟ್ಟ 'ನೈಕೆನ್' ಇದಕ್ಕೆ ಒಂದು ಉತ್ತರ. ಇದಕ್ಕೆ ಮುಂದೆ ಎರಡು, ಹಿಂದೆ ಒಂದು ಚಕ್ರ. ಮುಂಚಕ್ರಗಳನ್ನು ಸಮಾಂತರ ಚತುರ್ಭುಜದಂತೆ ಜೋಡಿಸಿದ ಲೋಹದ ತೋಳುಗಳು ಹಿಡಿದಿವೆ. ವಾಹನವು ವಾಲಿದಾಗ ಈ ಚತುರ್ಭುಜವೂ ಓರೆಯಾಗುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ವಾಲಿ ನೆಲವನ್ನು ಹಿಡಿದೇ ಇರುತ್ತವೆ. ಹೀಗೆ ಅದು 45 ಡಿಗ್ರಿಗಳವರೆಗೆ ವಾಲಬಲ್ಲದು. ಒಂದು ಚಕ್ರ ಮರಳಿನ ಮೇಲೆ ಜಾರಿದರೂ ಇನ್ನೊಂದು ಆಧಾರವಾಗುವುದು.

ದೂರ ಪ್ರಯಾಣಕ್ಕೆಂದು 2018ರಲ್ಲಿ ಇದರ 'ಜಿ.ಟಿ.' ರೂಪವನ್ನು ಪ್ರಕಟಿಸಲಾಯಿತು. ಗಾಳಿಯನ್ನು ತಡೆಯುವ ಎತ್ತರದ ಫಲಕ, ಮೆತ್ತನೆಯ ಆಸನ, ಚಳಿಯಲ್ಲಿ ಕೈಗಳನ್ನು ಬೆಚ್ಚಗಿಡುವ ಹಿಡಿಕೆಗಳು, ಪಕ್ಕದಲ್ಲಿ ಸಾಮಾನಿನ ಚೀಲಗಳು ಇದರಲ್ಲಿ ಸೇರಿದುವು. ದಿನವಿಡೀ ಸವಾರಿ ಮಾಡಿ ದಣಿದವನಿಗೆ ಒದ್ದೆಯಾದ ಬೆಟ್ಟದ ದಾರಿಯಲ್ಲಿ ಮುಂಚಕ್ರಗಳ ಹಿಡಿತವು ದೊಡ್ಡ ನೆರವು.

ಆದರೆ ಒಂದು ಮಾತನ್ನು ಮರೆಯಬಾರದು. ಈ ವಾಹನವು ತಾನಾಗಿಯೇ ನಿಲ್ಲಲಾರದು. ನಿಲ್ಲಿಸಿದೊಡನೆ ಸವಾರನು ಕಾಲೂರಿ, 260 ಕಿಲೋಗ್ರಾಂಗೂ ಮಿಕ್ಕ ಭಾರವನ್ನು ತಾನೇ ಆನಿಸಿಕೊಳ್ಳಬೇಕು. ಮೂರನೆಯ ಚಕ್ರವು ಹಿಡಿತವನ್ನು ಹೆಚ್ಚಿಸುತ್ತದೆ. ಸಮತೋಲವನ್ನು ಕಾಯುವ ಹೊಣೆ ಮಾತ್ರ ಸವಾರನದೇ.